ಗುಂಡಣ್ಣನ ಅಭ್ಯಂಜನ

ಗುಂಡಣ್ಣನ ಹೊಟ್ಟೆಯೊಳಗೆ ಏನೇನು ಬೀಡುಬಿಟ್ಟಿರಬಹುದು ಎಂಬ ಚಿಂತೆ ಪುಟ್ಟಿಯ ಅಮ್ಮನನ್ನು ಕಾಡುತ್ತಲೇ ಇತ್ತು. ಕೂತರೂ ಅದೇ, ನಿಂತರೂ ಅದೇ.

ಗುಂಡಣ್ಣ ಮನುಷ್ಯನಲ್ಲ, ಇದ್ದಿಲಿನ ಒಲೆ. ದೊಡ್ಡದೊಂದು ಮೊಟ್ಟೆಯನ್ನು ಮೂರು ಕಾಲಿನ ಮೇಲೆ ಕೂರಿಸಿ, ಸೊಂಟಕ್ಕೆ ಕಬ್ಬಿಣದ ಪಟ್ಟಿ ಬಿಗಿದಂಥ ರೂಪ. ಮೈಯೆಲ್ಲ ದಪ್ಪ ಪಿಂಗಾಣಿ, ತಲೆಗೆ ಮುಚ್ಚಳ, ಬುಡದಲ್ಲಿ ಗಾಳಿಕಿಂಡಿ. ಅತ್ತೆ, ಮಾವ ಮದುವೆಯಾದ ಹೊಸದರಲ್ಲಿ ಕೊಂಡಿದ್ದು. ಅವಳ ಗಂಡನಿಗಿಂತ ಒಂದು ವರ್ಷ ಹಿರಿಯ, ಆದ್ದರಿಂದ ಅಣ್ಣ! ಈಚೆಗೆ ಅವರು ಹಿತ್ತಿಲಿಲ್ಲದ ಮಹಡಿ ಮನೆಗೆ ಹೋದಾಗ ಗುಂಡಣ್ಣ ಸೊಸೆಯ ಪಾಲಿಗೆ ಬಂದ. ಒಪ್ಪಿಸುವಾಗ ಅತ್ತೆ ಹೇಳಿದ್ದು ಒಂದೇ ಮಾತು: "ಏನ್ ಬೇಕಾದ್ರೂ ಸುಡಮ್ಮ, ತೊಳೀಬೇಡ ಅಷ್ಟೇ."

ಅತ್ತೆಗೆ ಜಗತ್ತಿನಲ್ಲಿ ಯಾವುದಕ್ಕೂ ಭಯವಿಲ್ಲ. ಪುಟ್ಟಿ ಮಂಚದಿಂದ ಉರುಳಿದಾಗಲೂ "ನೆಲಕ್ಕೇನಾದ್ರೂ ಪೆಟ್ಟಾಯ್ತಾ?" ಎಂದು ಕೇಳಿದವರು. ಭಾನುವಾರ ಬಂದರೆ ಮೊದಲು ಹಿತ್ತಿಲಿಗೆ ಹೋಗಿ ಗುಂಡಣ್ಣನ ಬೋಳುತಲೆ ಸವರುವುದು, ಆಮೇಲೆ ಮೊಮ್ಮಗಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ!

ಆ ಶನಿವಾರ ಬೆಳಗ್ಗೆ ಅವಳು ಮುಚ್ಚಳ ಎತ್ತಿ ನೋಡಿದಳು. ಒಳಗಿನ ಕರಿಮಸಿಯ ಮೇಲೆಲ್ಲ ಹತ್ತಿಯಂಥ ಬಿಳಿ ಬೂಷ್ಟು! ಕಿರುಚಲು ಬಾಯಿ ತೆರೆಯುವಷ್ಟರಲ್ಲಿ ಕಂಕುಳಲ್ಲಿದ್ದ ಪುಟ್ಟಿ ಬೆರಳು ಅದ್ದಿ, ಅದನ್ನು ಬಾಯಿಯ ಕಡೆಗೆ ಒಯ್ಯುತ್ತಿದ್ದಳು.

"ರೀ! ಇದನ್ನ ಯಾವತ್ತಾದ್ರೂ ತೊಳ್ದಿದಾರಾ?"

"ನನಗೆ ಬುದ್ಧಿ ಬಂದ ಮೇಲೆ ಇಲ್ಲ," ಎಂದ ಗಂಡ, ಕೆಲಸಕ್ಕೆ ಹೊರಡುತ್ತ. "ಅದರಲ್ಲಿ ಸುಟ್ಟ ಜೋಳ ತಿಂದೇ ನಾನು ಹೀಗೆ ಬೆಳೆದಿದ್ದು."

"ನನ್ನ ಭಯಾನೂ ಅದೇ!"

ಅವನು ಅತ್ತ ಹೋಗುತ್ತಲೇ ಅವಳು ಟೊಂಕ ಕಟ್ಟಿದಳು. ಬೂಷ್ಟಿಗೂ ಮಗಳಿಗೂ ನಡುವೆ ತಾಯಿಯೊಬ್ಬಳು ಕೋಟೆಯಾಗಿ ನಿಂತಿರುವಾಗ ಅತ್ತೆಯ ಆಜ್ಞೆ ಯಾವ ಲೆಕ್ಕ! ಪಾತ್ರೆ ಸೋಪು ಖಾರವಾದೀತೆಂದು ಪುಟ್ಟಿಯ ಮೈಸೋಪನ್ನೇ ತಂದಳು. ಬಿಸಿನೀರು ಹೊಯ್ದಳು, ತಿಕ್ಕಿದಳು, ಮತ್ತೆ ಹೊಯ್ದಳು. ಒಳಗಿನ ಜೇಡಿಮಣ್ಣಿನ ಬಟ್ಟಲು ಬಾಯಾರಿದವರ ಹಾಗೆ ಗಟಗಟ ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಗುಂಡಣ್ಣ ಮದುಮಗನಂತೆ ಫಳಫಳ!

ಸಂಜೆ ಗಂಡ ಬಂದ. ಅವಳು ಗೆಲುವಿನ ನಗೆ ಬೀರಿ ಇದ್ದಿಲು ಹೊತ್ತಿಸಿ ಆಲೂಗಡ್ಡೆ ಇಟ್ಟಳು. ಮೊದಲು ಸುಂಯ್ ಎಂದಿತು. ಆಮೇಲೆ ಬುಸ್ ಎಂದಿತು. ಆಮೇಲೆ ಗಾಳಿಕಿಂಡಿಯಿಂದ ನೊರೆ ಉಕ್ಕತೊಡಗಿತು!

"ಗುಂಡಣ್ಣ ಗುಳ್ಳೆ! ಗುಂಡಣ್ಣ ಗುಳ್ಳೆ!" ಎಂದು ಪುಟ್ಟಿ ಚಪ್ಪಾಳೆ ತಟ್ಟಿ ಕುಣಿದಳು.

ಗಂಡ ಆಲೂಗಡ್ಡೆ ಕಚ್ಚಿ, ಕಣ್ಣು ಮುಚ್ಚಿ ಯೋಚಿಸಿದ. "ಏನೋ ಪರಿಚಯದ ವಾಸನೆ… ಹಾಂ! ಪುಟ್ಟಿಗೆ ಸ್ನಾನ ಮಾಡಿಸಿದ ಕೂಡ್ಲೇ ಮುತ್ತು ಕೊಟ್ಟ ಹಾಗಿದೆ!"

ಅವಳು ನಗಲಿಲ್ಲ. ಕೆಂಡದ ಬೆಳಕಲ್ಲಿ ಅವಳಿಗೆ ಕಂಡದ್ದೇ ಬೇರೆ: ಒಳಗಿನ ಬಟ್ಟಲಿನ ಅಂಚಿನಿಂದ ತಳದವರೆಗೆ ಉದ್ದಾನುದ್ದ ಒಂದು ಬಿರುಕು.

"ನಾಳೆ ಅಮ್ಮ ಬಂದಾಗ ಮುಚ್ಚಳ ತೆಗೀದಿದ್ರಾಯ್ತು ಬಿಡೇ," ಎಂದ ಗಂಡ.

"ನಿಮ್ಮಮ್ಮ ಚಪ್ಪಲಿ ಬಿಡೋಕೆ ಮುಂಚೆ ಮುಚ್ಚಳ ತೆಗೀತಾರೆ! ನೀವೇ ಫೋನ್ ಮಾಡಿ ಹೇಳ್ರೀ."

"ಸೋಪು ನಿಂದು, ಫೋನೂ ನಿಂದೇ."

ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೊಳೆ ಎಂದುಕೊಂಡು ಬಚ್ಚಲಿಗೆ ಹರಿಸಿದ್ದು ಒಂದು ಸಂಸಾರದ ಎಷ್ಟೋ ಭಾನುವಾರಗಳನ್ನಲ್ಲವೇ? ಗಂಡನ ಬಾಲ್ಯ, ಮಾವನ ತಮಾಷೆ, ಅತ್ತೆಯ ಕೈರುಚಿ, ಎಲ್ಲವೂ ಪದರಪದರವಾಗಿ ಅಲ್ಲಿ ಕೂತಿದ್ದವು. ಪುಟ್ಟಿ ಹುಟ್ಟಿದಂದಿನಿಂದ ಅವಳಿಗೆ ಹೀಗೆಯೇ. ಭಯವಾದಾಗಲೆಲ್ಲ ಏನನ್ನಾದರೂ ತೊಳೆಯುತ್ತಾಳೆ: ಆಟಿಕೆ, ಬಾಗಿಲ ಚಿಲಕ, ತೊಳೆದ ಬಟ್ಟಲನ್ನೇ ಮತ್ತೊಮ್ಮೆ. ಭಯ ಮಾತ್ರ ತೊಳೆದಷ್ಟೂ ಹೊಳೆಯುತ್ತದೆ. ಇಂಥವಳ ಕೈಗೆ ಅತ್ತೆ ಇನ್ನು ಯಾವುದನ್ನು ನಂಬಿ ಕೊಟ್ಟಾರು?

ಕೊನೆಗೂ ಫೋನ್ ಮಾಡಿದಳು.

"ಅತ್ತೆ… ಗುಂಡಣ್ಣ…"

"ತೊಳ್ದ್ಯಾ?"

"ಹೂಂ." ಅಳು ಬಂದೇ ಬಿಟ್ಟಿತು. "ಒಳಗೆ ಬಿರುಕೂ ಬಿಟ್ಟಿದೆ ಅತ್ತೆ. ಮೇಲಿಂದ ಕೆಳಗಿನ್ತನಕ."

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಅತ್ತೆಯ ಪಿಸುಮಾತು:

"ಮೆಲ್ಲಗೆ ಮಾತಾಡೇ, ನಿಮ್ಮಾವ ಇಲ್ಲೇ ಇದಾರೆ! ಆ ಬಿರುಕು ನಿಂದಲ್ಲ, ನಂದು."

"ಆಂ?"

"ನಿನ್ನ ಗಂಡ ಅಂಬೆಗಾಲಿಡ್ತಿದ್ದ. ಉರಿಯೋ ಒಲೆ ಕಡೆಗೇ ಹೊರಟ ನೋಡು, ನಂಗೆ ಜೀವ ಬಾಯಿಗೆ ಬಂದಂಗಾಗಿ ಒಂದು ಬಕೆಟ್ ತಣ್ಣೀರು ಸುರಿದುಬಿಟ್ಟೆ. ಟಪ್ ಅಂತು. ಆಮೇಲೆ ಮಸಿ ಹಿಡಿದು ಮುಚ್ಕೊಳ್ತು. ತೊಳೀಬೇಡ ಅಂದಿದ್ದು ಮತ್ಯಾಕೆ?"

"ನಿಮಗೂ… ಭಯ ಆಗ್ತಿತ್ತಾ ಅತ್ತೆ?"

"ಆಗ್ದೆ? ನಿನ್ನ ಹತ್ರ ಸೋಪಿತ್ತು, ನನ್ನ ಹತ್ರ ಬಕೆಟ್ ಇತ್ತು, ಅಷ್ಟೇ! ಬಿರುಕಿದ್ರೂ ಇಷ್ಟು ವರ್ಷ ಬೇಯಿಸಿ ಹಾಕಿಲ್ವಾ ಅವನು? ಈಗ ಹೀಗ್ಮಾಡು. ಏನೂ ಇಡದೆ ಬರೀ ಸಣ್ಣ ಉರೀಲಿ ಒಣಗಿಸು. ಬೂಷ್ಟಿಗೂ ಬೆಂಕಿನೇ ಮದ್ದು, ಸೋಪಿಗೂ ಬೆಂಕಿನೇ ಮದ್ದು. ನಾಳೆ ನಾನು ಬೇಗ ಬರ್ತೀನಿ, ನಿಮ್ಮಾವ ಬರೋಷ್ಟರಲ್ಲಿ ಇಬ್ರೂ ಸೇರಿ ಮಸಿ ಹಿಡಿಸೋಣ."

ಎಷ್ಟೋ ತಿಂಗಳ ಮೇಲೆ ಅವಳ ಎದೆ ಹಗುರಾಯಿತು. ಕಣ್ಣೊರೆಸಿಕೊಂಡು ನಕ್ಕಳು.

"ಅಂದ ಹಾಗೆ," ಎಂದರು ಅತ್ತೆ, "ಅಷ್ಟು ವರ್ಷದ ಮಸಿ ಎದ್ದುಬಂತಾ? ಅದ್ಯಾವ ಸೋಪಮ್ಮ?"

"ಪುಟ್ಟೀದು ಅತ್ತೆ. ತುಂಬಾ ಮೃದು ಅಂತ…"

"ಏನು! ಮೂವತ್ತು ವರ್ಷದ ಮಸಿ ಕಿತ್ತೆಸೆಯೋ ಸೋಪನ್ನ ದಿನಾ ನನ್ನ ಮೊಮ್ಮಗಳ ಮೈಗೆ ಹಚ್ತಿದ್ದೀಯಾ?"