ಬ್ಯಾಟೋ ಲಟ್ಟಣಿಗೆಯೋ

ಹೆದರುವವರಲ್ಲಿ ಎರಡು ಬಗೆ. ಹೆದರಿಕೆಯನ್ನು ಒಪ್ಪಿಕೊಳ್ಳುವವರು ಒಂದು, ಹೆಂಡತಿಯ ಹೆಸರು ಹೇಳಿ ಹೆದರುವವರು ಇನ್ನೊಂದು. ನಾನು ಎರಡನೆಯ ಪೈಕಿ. ಇಂಗ್ಲೆಂಡಿನ ಡರ್ಬಿಯ ನಮ್ಮ ಪಕ್ಕದ ಬೀದಿಯಲ್ಲಿ ಹಾಡಹಗಲೇ ಭಾರತೀಯರೊಬ್ಬರ ಮನೆಗೆ ನುಗ್ಗಿ ಬಂಗಾರ ದೋಚಿದರೆಂಬ ಸುದ್ದಿ ಬಂದಾಗಿನಿಂದ 'ಪಾಪ, ಗಿರಿಜಾ ತುಂಬಾ ಹೆದರಿದ್ದಾಳೆ' ಎಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಗಿರಿಜಾ ಧಾರವಾಡದವಳು, ಹೆದರುವುದು ಅವಳ ಜಾಯಮಾನದಲ್ಲೇ ಇಲ್ಲ. ಶುಕ್ರವಾರ ಸಂಜೆ ದೀಪ ಹಚ್ಚುವಾಗ ಹಿತ್ತಲ ಬಾಗಿಲು ಮುಚ್ಚಿ ಮುಂಬಾಗಿಲು ತೆರೆದಿಡುವುದು ಅವಳ ತವರಿನ ಪದ್ಧತಿ. ಕೈಯಲ್ಲಿ ಅಜ್ಜಿ ಕೊಟ್ಟ ಬಂಗಾರದ ಪಾಟ್ಲಿ ಬಳೆಗಳು ಬೇರೆ. ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಬಾಗಿಲು ಹಾಕೋಣ ಎಂದು ಗೋಗರೆದೆ.

"ಲಕ್ಷ್ಮಿ ಏನ್ ಕೊರಿಯರ್ ಏನ್ರಿ, ಬಾಗ್ಲಾ ಹಾಕಿದ್ರ ಬಾಜೂ ಮನ್ಯಾಗ ಕೊಟ್ಟು ಹೋಗಾಕ?" ಎಂದಳು.

ಹೀಗಾಗಿ ಕಾವಲು ನನ್ನ ಪಾಲಿಗೆ ಬಂತು. ಟೆಕ್ಸಸ್‌ನಲ್ಲಿರುವ ಭಾವಮೈದನಿಗೆ ಫೋನು ಮಾಡಿದೆ. ಅವನ ಬಳಿ ಮೂರು ಪಿಸ್ತೂಲುಗಳೂ ಅವುಗಳಿಗಿಂತ ಹೆಚ್ಚು ಅಭಿಪ್ರಾಯಗಳೂ ಇವೆ. "ಗುಂಡಿನ ಸೈಜಿನ್ಯಾಗ ಏನಿಲ್ಲ ಮಾಮಾ. ನೈನ್ ಎಂಎಂ ಇರ್ಲಿ, ಫಾರ್ಟಿಫೈವ್ ಇರ್ಲಿ, ಎಲ್ಲಿ ಬಡೀತದ ಅನ್ನೋದ ಮುಖ್ಯ" ಎಂದ. ಈ ದೇಶದಲ್ಲಿ ಮನೆಯಲ್ಲಿ ಪಿಸ್ತೂಲು ಇಡುವಂತಿಲ್ಲ. ಇಟ್ಟಿದ್ದರೆ ಮೊದಲ ಗುಂಡು ನನ್ನ ಕಾಲಿಗೇ ಬೀಳುತ್ತಿತ್ತು, ಆ ಮಾತು ಬೇರೆ. ಅವನ ಮಾತು ನಂಬದೆ ದೊಡ್ಡದೇ ಇರಲಿ ಎಂದು ಕ್ರಿಕೆಟ್ ಬ್ಯಾಟು ಹಿಡಿದೆ. ನಮ್ಮ ಕಿರಿದಾದ ಹಜಾರದಲ್ಲಿ ಬೀಸಿದರೆ ಅದು ಕೋಟಿನ ಗೂಟಕ್ಕೆ ತಗುಲಿ ನನ್ನ ಹಣೆಗೇ ಬಂತು. ಆಮೇಲೆ ಬುದ್ಧಿ ಬಂದು ಲಟ್ಟಣಿಗೆಗೆ ಇಳಿದೆ. ವಾರವಿಡೀ ಸೋಫಾದ ದಿಂಬಿಗೆ ಎಸೆದು ಗುರಿ ಕಲಿತೆ. ದಿಂಬಿಗೆ ಏನೂ ಆಗಲಿಲ್ಲ, ಹಿಂದಿದ್ದ ಹೂದಾನಿ ಹೋಯಿತು.

ಶುಕ್ರವಾರ ಬಂತು. ಗಿರಿಜಾ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ನಾನು ಲಟ್ಟಣಿಗೆ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಗೇಟು ಕಿರ್ರೆಂದಿತು. ಭಾರವಾದ ಬೂಟಿನ ಸದ್ದು. ಕಪ್ಪು ಕೋಟಿನ ಟೊಪ್ಪಿಗೆಯನ್ನು ಮುಖದವರೆಗೆ ಎಳೆದುಕೊಂಡ ಒಂದು ಆಕೃತಿ, ಕೈಯಲ್ಲಿ ಉದ್ದನೆಯದೇನನ್ನೋ ಹಿಡಿದು, ಬೆಲ್ ಕೂಡ ಒತ್ತದೆ ಹೊಸ್ತಿಲು ದಾಟಿತು. ಆಮೇಲಿನ ಎರಡು ಕ್ಷಣ ನನಗೆ ನೆನಪಿಲ್ಲ. ನೆನಪಿರುವುದು ಇಷ್ಟು: ಮೆಟ್ಟಿಲ ಕೆಳಗಿನ ಕಪಾಟಿನೊಳಗೆ ವ್ಯಾಕ್ಯೂಮ್ ಕ್ಲೀನರಿಗೆ ಒರಗಿ, ಬಾಗಿಲನ್ನು ಒಳಗಿನಿಂದ ಜಗ್ಗಿ ಹಿಡಿದಿದ್ದೆ. ಹೊರಗೆ ಗಿರಿಜಾ ಒಬ್ಬಳೇ ಇದ್ದಾಳೆಂದು ಗೊತ್ತಿತ್ತು. ಗೊತ್ತಿದ್ದೂ ಕೈ ಬಿಡಲಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಬಂದವರು ಪಕ್ಕದ ಮನೆಯ ಜೋನ್ ಅಜ್ಜಿ. ವಯಸ್ಸು ಎಪ್ಪತ್ತೆಂಟು. ನಮ್ಮ ಬಾಗಿಲು ಹಾರು ಹೊಡೆದದ್ದು ಕಂಡು, ಕಳ್ಳರು ನುಗ್ಗಿದ್ದಾರೆಂದುಕೊಂಡು, ತೀರಿಹೋದ ಗಂಡನ ಕೋಟು ಬೂಟು ಏರಿಸಿ, ಒಂದು ಕೊಡೆ ಹಿಡಿದು ನಮ್ಮನ್ನು ಕಾಪಾಡಲು ಬಂದಿದ್ದರು. ಗಿರಿಜಾ ಅವರಿಗೆ ಚಹಾ ಚಕ್ಕುಲಿ ಕೊಟ್ಟು ಕಳಿಸಿದಳು. ಆಮೇಲೆ ಕಪಾಟು ತೆರೆದು, ಏನೂ ಕೇಳದೆ, ಚಪಾತಿಗೆ ಬೇಕೆಂದು ಲಟ್ಟಣಿಗೆ ಇಸಿದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಶುಕ್ರವಾರ ದೀಪ ಹಚ್ಚುವ ಮೊದಲು ಅವಳು ಪಾಟ್ಲಿಗಳನ್ನು ಬಿಚ್ಚಿ ನನ್ನ ಕೈಗಿಟ್ಟಳು.

"ಇವನ್ನ ಹಿಡ್ಕೊಂಡು ನೀವು ಅಲ್ಲೇ ಒಳಗ ಕೂಡ್ರಿ. ಬಾಗ್ಲಾ ಜಗ್ಗಿ ಹಿಡಿಯೂದು ನಿಮಗ ಛಲೋ ಬರ್ತದ."

ಗಂಡಸಿಗೆ ಹೀಗೆಲ್ಲ ಹೇಳಬಾರದು, ನನಗೂ ಮರ್ಯಾದೆ ಇದೆ ಎಂದು ಖಡಾಖಂಡಿತವಾಗಿ ಹೇಳಿದೆ. ಅಷ್ಟರಲ್ಲಿ ಗೇಟಿನ ಸದ್ದಾದ್ದರಿಂದ, ಕಪಾಟಿನ ಒಳಗಿನಿಂದ ಹೇಳಿದೆ.