ಮಾವನ ಕಾರಿಗೆ ಎರಡು ಹಲಗೆ

ಭಗವಂತ ನನ್ನ ಪ್ರಾರ್ಥನೆಗಳನ್ನೆಲ್ಲ ಕೇಳುತ್ತಾನೆ. ಕೇಳಿ, ಮೊದಲು ಒಂದು ಸಲ ನಕ್ಕು, ಆಮೇಲೆ ಕೊಡುತ್ತಾನೆ. ಮದ್ದೂರಿನಲ್ಲಿ ನನ್ನ ಸಂಸಾರ ಹೀಗೇ ನಡೆದುಕೊಂಡು ಬಂದಿದೆ.

ಮಳವಳ್ಳಿಯ ನಮ್ಮ ಮಾವ, ಅಂದರೆ ಹೆಂಡತಿಯ ಅಪ್ಪ, ತಮ್ಮ ಹಳೇ ಕಾರನ್ನು ನನಗೆ ಕೊಟ್ಟರು. ಎರಡೇ ಬಾಗಿಲು. ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿದರೆ ಆಕಾಶವೇ ಚಾವಣಿ. ಇಂಜಿನ್ ರಿಪೇರಿಯಾಯಿತು, ಬಣ್ಣವೂ ಆಯಿತು. ಆದರೆ ಬಾಗಿಲುಗಳ ಒಳಮೈಗೆ ಕೂರಿಸಿದ್ದ ಎರಡು ತೇಗದ ಹಲಗೆ ಮಾತ್ರ ಇರಲಿಲ್ಲ. ಒಳಗೆ ಕೂತವರ ಮೊಣಕೈಗೆ ತುಕ್ಕು, ಮೊಣಕಾಲಿಗೆ ಗ್ರೀಸು. ಮಗಳ ಮದುವೆ ಗೊತ್ತಾಗಿತ್ತು. ಅಳಿಯನನ್ನು ದೇವಸ್ಥಾನದಿಂದ ಛತ್ರಕ್ಕೆ ಈ ಕಾರಿನಲ್ಲೇ ಕರೆತರಬೇಕೆಂದು ನನ್ನ ಆಸೆ. ಹೆಂಡತಿ ಹೇಳಿಬಿಟ್ಟಳು: "ಅಳಿಯನ ರೇಷ್ಮೆ ಪಂಚೆಗೆ ಗ್ರೀಸ್ ಮೆತ್ತಿಸ್ಬೇಡಿ. ಮದುವೆ ಹೊತ್ಗೆ ಎರಡೂ ಹಲಗೆ ಕೂರ್ಬೇಕು. ಇಲ್ದಿದ್ರೆ ಗುಜರಿಯವನು ಬತ್ತಾನೆ, ಅಷ್ಟೆ."

ಅಂದಿನಿಂದ ಬೆಳಗಿನ ಪೂಜೆಯಲ್ಲಿ ಒಂದು ಬೇಡಿಕೆ ಹೆಚ್ಚಾಯಿತು. ಸ್ವಾಮಿ ವೈದ್ಯನಾಥ, ಹಲಗೆ ತೋರಿಸಪ್ಪ.

ಕಾವು

ಬಲಬಾಗಿಲಿನದು ಮಳವಳ್ಳಿಯಲ್ಲೇ ಸಿಕ್ಕಿತು, ಅತ್ತೆಯ ಕೋಳಿಗೂಡಿನಲ್ಲಿ. ಹಲಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಮೊಟ್ಟೆ, ಮೊಟ್ಟೆಯ ಮೇಲೆ ಕೋಳಿ. ಕೈ ಹಾಕಲು ಹೋದೆ. ಕೋಳಿಗಿಂತ ಮೊದಲು ಅತ್ತೆ ಕೆರಳಿದರು.

"ಕಾವ್ಗೆ ಕುಂತಿರೋದ ಎಬ್ಬುಸ್ಬಾರ್ದು ಕಣಪ್ಪ. ಪಾಪ ಬತ್ತದೆ."

ಮದುವೆ ಹತ್ತಿರ ಬಂತಲ್ಲ ಅತ್ತೆ ಎಂದೆ. ಅದರದೂ ಒಂದು ಸಂಸಾರ ತಾನೆ ಎಂದರು. ಪಾಪದ ಮಾತು ಬಂದ ಮೇಲೆ ನಾನು ಎದುರಾಡುವವನಲ್ಲ. ಊರಿಗೆ ಬಂದು ದಿನವೂ ಫೋನು ಮಾಡಿ, ಮಾವನ ಕ್ಷೇಮಕ್ಕಿಂತ ಮೊದಲು ಕೋಳಿಯ ಕ್ಷೇಮ ವಿಚಾರಿಸಿದೆ. ಕೊನೆಗೆ ತಡೆಯಲಾರದೆ ವೈದ್ಯನಾಥಪುರಕ್ಕೆ ಹೋಗಿ ಅರ್ಚನೆಗೆ ತಟ್ಟೆ ಕೊಟ್ಟೆ. ಯಾರ ಹೆಸರಿಗೆ ಎಂದು ಅರ್ಚಕರು ಕೇಳಿದರು. ನಾನು ಸುಳ್ಳು ಹೇಳದೆ ಕೋಳಿಯ ವಿಷಯ ತಿಳಿಸಿದೆ. ಅವರು ತಟ್ಟೆ ಎತ್ತಿಕೊಂಡು ಕೇಳಿದರು:

"ನಕ್ಷತ್ರ ಗೊತ್ತಾ?"

ಬಾಣಂತನ

ಮರಿಗಳು ಹೊರಬಂದವು, ಹಲಗೆಯೂ ಹೊರಬಂತು. ಕೊಕ್ಕರೆ ಬೆಳ್ಳೂರಿನಲ್ಲಿ ಪಾಲಿಶ್ ಮಾಡುವ ಆಚಾರಿಯೊಬ್ಬರಿಗೆ ಒಪ್ಪಿಸಿದೆ. ಅವರು ಉಜ್ಜಿ, ವಾರ್ನಿಶ್ ಹೊಡೆದು, ಒಣಗಲೆಂದು ಅಂಗಳದ ಹುಣಿಸೆಮರದ ನೆರಳಿಗಿಟ್ಟರು. ಮರದ ತುಂಬ ಕೊಕ್ಕರೆ ಗೂಡು. ನಾನು ತರಲು ಹೋದಾಗ ಹಲಗೆಯ ಮೇಲೆ ಯಾರೋ ಸುಣ್ಣ ಎರಚಿದಂತಿತ್ತು. ಓಡಿಸಬಾರದಿತ್ತೇ ಎಂದೆ. ಆಚಾರಿ ನನ್ನನ್ನು ಕಟುಕನನ್ನು ನೋಡುವಂತೆ ನೋಡಿದರು.

"ಬಾಣಂತನಕ್ಕೆ ತವರಿಗೆ ಬಂದಿರೋ ಎಣ್ಮಕ್ಳು ಸ್ವಾಮಿ ಅವು. ನಿಮ್ ಮಗಳು ಬಂದ್ರೆ ಓಡುಸ್ತೀರಾ?"

ಇಡೀ ಊರು ಹಾಗೇ ನಂಬುತ್ತದೆ. ನಾನೂ ಮರಕ್ಕೆ ಕೈಮುಗಿದೆ. ಮತ್ತೆ ಉಜ್ಜಿ ಮತ್ತೆ ವಾರ್ನಿಶ್ ಆಯಿತು. ಈ ಸಲ ಹಲಗೆಯನ್ನು ನಡುಮನೆಯ ಮಂಚದ ಮೇಲೆ ಒಣಗಲು ಹಾಕಿ, ಆಚಾರಿ ತಾವು ಹೋಗಿ ಮರದಡಿ ಚಾಪೆ ಹಾಸಿಕೊಂಡರು. ಅಯ್ಯೋ ನಿಮ್ಮ ಮೇಲೆ ಬೀಳುತ್ತಲ್ಲ ಎಂದೆ.

"ನನ್ ಮೇಲಾದ್ರೆ ತೊಳ್ಕೊಬೋದು ಬುಡಿ. ನಂಗೇನು ವಾರ್ನಿಸ್ ಒಡ್ದಿದ್ದದಾ?"

ಊದಿನಕಡ್ಡಿ

ಎಡಬಾಗಿಲಿನದು ಸಿಗಲೇ ಇಲ್ಲ. ಮಂಡ್ಯದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದೆ. ಹೊಸದು ಮಾಡಿಕೊಡಿ ಎಂದರೆ ಆಚಾರಿ ಒಪ್ಪಲಿಲ್ಲ. ಹಳೇ ತೇಗದ ಪಕ್ಕ ಹೊಸ ಮರ ಸೇರದು, ಮದುವೆಮನೆಯಲ್ಲಿ ಜೋಡಿ ಕೆಡಬಾರದು ಎಂದರು. ನಾನು ದಿನವೂ ದೇವರ ಮುಂದೆ ಕೂತು, ದೇವರ ಮಣೆಯ ಅಂಚಿನ ತೂತಿಗೆ ಊದಿನಕಡ್ಡಿ ಸಿಗಿಸಿ, ಕಣ್ಣು ಮುಚ್ಚಿ ಬೇಡುತ್ತಲೇ ಇದ್ದೆ.

ಮದುವೆಗೆ ಮನೆಗೆ ಬಣ್ಣ ಹೊಡೆಸುವಾಗ ಹೆಂಡತಿ ಪಟಗಳನ್ನು ಇಳಿಸಿ, ಕೆಂಪು ವಸ್ತ್ರ ತೆಗೆದು, ಮಣೆಯನ್ನು ತೊಳೆಯಲು ಬಿಸಿಲಿಗೆ ತಂದಳು. ಅದರಲ್ಲಿ, ಕಾರಿನ ಗಾಜು ಇಳಿಸುವ ಹಿಡಿಗೆ ಒಂದು ಗುಂಡು ತೂತು. ಕೈಯಾನಿಸುವ ಪಟ್ಟಿಯ ಸ್ಕ್ರೂಗೆ ಎರಡು ಸಣ್ಣ ತೂತು. ಅದರಲ್ಲೊಂದರಲ್ಲಿ ಬೆಳಗಿನ ಊದಿನಕಡ್ಡಿಯ ಬುಡ ಇನ್ನೂ ಇತ್ತು.

"ಗೃಹಪ್ರವೇಶಕ್ಕೆ ಅಮ್ಮ ಕೊಟ್ಟಿದ್ದಲ್ವಾ ಇದು," ಎಂದಳು ಹೆಂಡತಿ, ಮೆಲ್ಲಗೆ.

ಹಲಗೆ ತೋರಿಸಪ್ಪ ಎಂದು ಹಲಗೆಯ ಮೇಲೆ ಕೂತವನನ್ನೇ ಕೇಳುತ್ತಿದ್ದೆ. ಸ್ವಾಮಿ ಎಷ್ಟು ನಕ್ಕನೋ!

ಆದರೆ ದೇವರು ಕೂತ ಮಣೆಗೆ ಮನುಷ್ಯರ ಕಾಲು ತಾಗುವುದೇ? ಹೆಂಡತಿಗೆ ದಿನವಿಡೀ ಅದೇ ಚಿಂತೆ. ಸಂಜೆ ದೇವರಿಗೆ ಹೊಸ ಮಣೆ ಹಾಕಿ, ಹಳೆಯದಕ್ಕೆ ಮಂಗಳಾರತಿ ಎತ್ತಿ ನನ್ನ ಕೈಗಿಟ್ಟಳು. ಆ ಕಡೆ ಕೂರುವವರು ಚಪ್ಪಲಿ ಬಿಟ್ಟೇ ಹತ್ತಬೇಕು ಎಂದು ಷರತ್ತು. ಹಾಗಾದರೆ ಗುಜರಿಯವನಿಗೆ ಏನು ಹೇಳಲಿ ಎಂದೆ.

"ದೇವ್ರ ಮಣೆ ಇರೋ ಗಾಡಿನ ಗುಜರಿಗೆ ಆಕ್ತಾರೇನ್ರೀ?" ಎಂದು ನನ್ನನ್ನೇ ಗದರಿದಳು.

ಮದುವೆಯ ದಿನ ಅಳಿಯ ದೇವಸ್ಥಾನದಿಂದ ಹೊರಬಂದು, ಹೊಸ ಜೋಡು ಮೆಟ್ಟಿಕೊಂಡು ಎಡಬಾಗಿಲಿಗೆ ಬಂದ. ಹೆಂಡತಿ ಜೋಡು ಬಿಡಿಸಿ ಹತ್ತಿಸಿದಳು. ವಾಲಗದ ಗದ್ದಲದಲ್ಲಿ ಜೋಡು ಅಲ್ಲೇ ಉಳಿಯಿತು. ಛತ್ರದ ಮುಂದೆ ಬರಿಗಾಲಲ್ಲಿ ಇಳಿದ ಮಗನನ್ನು ಕಂಡು ಬೀಗಿತ್ತಿಯವರು ಮೆಟ್ಟೆಲ್ಲಿ ಎಂದರು. ಈ ಬಾಗಿಲಿಗೆ ದಿನವೂ ಪೂಜೆ ನಡೆದಿದೆಯಂತೆ, ಮೆಟ್ಟು ತಾಗಿಸಬಾರದಂತೆ ಎಂದು ಅವನು ತಗ್ಗಿದ ದನಿಯಲ್ಲಿ ವಿವರಿಸಿದ.

ಬೀಗಿತ್ತಿಯವರು ಬಾಗಿಲನ್ನೊಮ್ಮೆ, ನನ್ನ ಹೆಂಡತಿಯನ್ನೊಮ್ಮೆ ನೋಡಿದರು. ಬಾಗಿಲಿಗೆ ಭಕ್ತಿಯಿಂದ ಕೈಮುಗಿದರು. ಆಮೇಲೆ ಮಗನ ಕಿವಿಯಲ್ಲಿ, ಎಲ್ಲರಿಗೂ ಕೇಳುವಷ್ಟು ಗುಟ್ಟಾಗಿ ಅಂದರು:

"ಉಸಾರು ಕಣ್ಲಾ ಮಗ. ಕಾರ್ ಅತ್ತೋಕೇ ಮೆಟ್ ಬುಡ್ಸವ್ರೆ. ಇನ್ನು ಒಸ್ಲು ದಾಟಿದ್ರೆ ಏನೇನ್ ಬುಡುಸ್ತಾರೋ."