ಕಾಕಾನ ಭೂಗೋಳಕ್ಕೆ ಬಲಿಯಾದ ಗೋಡೆ

ನಮ್ಮ ಕಾಕಾನಿಗೆ ಭೂಗೋಳ ಕಲಿಸುವ ಕೆಲಸ ಕೊಟ್ಟವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಗಣಿತ ಕೊಟ್ಟಿದ್ದರೆ ಬೋರ್ಡಿನ ಮುಂದೆ ತನ್ನ ಪಾಡಿಗೆ ಬಿದ್ದಿರುತ್ತಿದ್ದ! ರೋಣದ ಹೈಸ್ಕೂಲಿನಲ್ಲಿ ಒಳ್ಳೆಯ ನಕಾಶೆ ತೂಗುತ್ತಿರುವಾಗ ಈ ಮನುಷ್ಯ ಅದಕ್ಕೆ ಬೆನ್ನು ತಿರುಗಿಸಿ, ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುತ್ತಾನೆ. ಗಾಳಿಯ ಪಾಠಕ್ಕೆ ಗಜೇಂದ್ರಗಡದ ಗುಡ್ಡವೇ ಆಗಬೇಕು, ಮಣ್ಣಿನ ಪಾಠಕ್ಕೆ ಬೆಳವಣಕಿಯ ಯಾರದೋ ಎರೆಹೊಲ. ಅಲ್ಲಿಂದ ಬಂದ ದಿನ ಒಂದೊಂದು ಚಪ್ಪಲಿಗೂ ಅರ್ಧರ್ಧ ಎಕರೆ ಅಂಟಿರುತ್ತದೆ. ತಾಯಂದಿರು ಬಂದು ಜಗಳ ತೆಗೆಯುವುದು ಮಾತ್ರ ಪಾಪದ ನಮ್ಮ ಚಿಕ್ಕಮ್ಮನ ಜೊತೆ.

ಹೋಗಲಿ, ನನ್ನ ಮದುವೆಯನ್ನಾದರೂ ಬಿಡಬಾರದೆ? ನರಗುಂದದಲ್ಲಿ ಅಕ್ಷತೆ ಬಿದ್ದು ಇನ್ನೇನು ಊಟಕ್ಕೆ ಕೂಡಬೇಕು, ಈತ ನೆಂಟರ ಮಕ್ಕಳಿಗೆ ಪಾಠ ಶುರು ಮಾಡಿದ. ದೊಡ್ಡವರನ್ನೆಲ್ಲ ಅವರವರ ಊರಿನ ದಿಕ್ಕಿಗೆ ನಿಲ್ಲಿಸಿದ. ಕೊಣ್ಣೂರಿನವರು ವಾಯವ್ಯಕ್ಕೆ, ಹೊಳೆಆಲೂರಿನ ಬೀಗರು ಈಶಾನ್ಯಕ್ಕೆ. ನಡುವೆ ಹೊಳೆ ಬೇಕಲ್ಲ! ಬೀಗರು ತಂದಿದ್ದ ನೀಲಿ ಇಳಕಲ್ ಸೀರೆಯನ್ನು ಬಿಚ್ಚಿ ಹಾಸಿಯೇಬಿಟ್ಟ.

"ನಮ್ಮ ಮಲಪ್ರಭಾ ಹಿಂಗ ಹರೀತಾಳ ನೋಡ್ರಿ."

ಈಶಾನ್ಯದಲ್ಲಿ ಬಿಸಿಲು ಸುಡುತ್ತಿತ್ತು. ಅಲ್ಲಿ ಹಸಿದು ನಿಂತಿದ್ದ ನಮ್ಮ ಅತ್ತೆ ನನ್ನ ತವರಿನ ಬಗ್ಗೆ ಅಂದೇ ಒಂದು ತೀರ್ಮಾನಕ್ಕೆ ಬಂದರು.

ಕಳೆದ ಚಳಿಗಾಲದಲ್ಲಿ ಹೊಳೆಆಲೂರಿಗೆ, ಅದೇ ಅತ್ತೆಯ ಮನೆಗೆ, ಹೇಳದೆ ಕೇಳದೆ ಇಡೀ ತರಗತಿಯನ್ನೇ ಕರೆತಂದ. ನಾವು ಆಗಷ್ಟೇ ಸುಣ್ಣ ಬಳಿಸಿದ್ದೆವು. ನಾನು ಚಹಾಕ್ಕೆ ಇಟ್ಟು ಹೊರಬರುವಷ್ಟರಲ್ಲಿ ಪುಣ್ಯಾತ್ಮ ಪಡಸಾಲೆಯ ಗೋಡೆಯನ್ನು ಕೀಲಿಕೈಯಿಂದ ಕೆರೆಯುತ್ತಿದ್ದ! ಸುಣ್ಣದ ಅಡಿಯಿಂದ, ಹೊಳೆ ಮನೆಗೆ ನುಗ್ಗಿದ ವರ್ಷದ ಕೆಸರಿನ ಗೆರೆ ಎದ್ದು ಬಂತು. ಅತ್ತೆ ವರ್ಷವರ್ಷವೂ ಬಳಿಸಿ ಮುಚ್ಚುವ ಗೆರೆ ಅದು. ಆ ನೆರೆಯ ಮಾತನ್ನು ಅವರು ನಮ್ಮೊಂದಿಗೂ ಆಡಿದವರಲ್ಲ. ಮಕ್ಕಳ ಮುಂದೆ ಎಂಬುದನ್ನೂ ಮರೆತು ನಾನು ಕಾಕಾನನ್ನು ಬೈದೆ. ಅವನು ಪೆಚ್ಚಾಗಿ ಮಕ್ಕಳಿಗೆ ಏಳಲು ಹೇಳಿದ.

ಒಳಗಿನಿಂದ ಅತ್ತೆ ಬಂದರು. ಗೋಡೆಯನ್ನು ನೋಡಿದರು. ಎದುರಿಗಿದ್ದ ಒಬ್ಬ ಹುಡುಗಿಯನ್ನು ಕರೆದು ಗೋಡೆಗೆ ಆನಿಸಿ ನಿಲ್ಲಿಸಿದರು. ಗೆರೆ ಅವಳ ತಲೆಗಿಂತ ಮೇಲಿತ್ತು.

"ನೀರು ಏರಾಕ್ಹತ್ತಿದಾಗ ನಮ್ಮ ಗೌರೀದು ಹಗ್ಗ ಬಿಚ್ಚಾಕ ಹೋಗಿದ್ನಿ," ಎಂದರು. "ನಮ್ಮ ಆಕಳಾ. ಹಗ್ಗ ನೆನದು ಬಿಗದಿತ್ತು. ಗಂಟು ಬಿಚ್ಚಲೇ ಇಲ್ಲ."

ಮಕ್ಕಳು ಮತ್ತೆ ಕುಳಿತರು. ಹೊಳೆ ಯಾವ ಕಡೆಯಿಂದ ಬಂತು, ಯಾರ ಮಾಳಿಗೆ ಹತ್ತಿದಿರಿ ಎಂದು ಅವರು ಕೇಳಿದ್ದಕ್ಕೆಲ್ಲ ಅತ್ತೆ ಹೇಳುತ್ತಾ ಹೋದರು. ನಡುನಡುವೆ ಕಣ್ಣೊರೆಸಿಕೊಂಡರು, ಆದರೆ ಮಾತು ನಿಲ್ಲಿಸಲಿಲ್ಲ. ಕಾಕಾ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತುಬಿಟ್ಟಿದ್ದ.

ಹೊರಡುವಾಗ ಅವನು ತಲೆ ತಗ್ಗಿಸಿ, ನಾಳೆಯೇ ಬಂದು ತಾನೇ ಸುಣ್ಣ ಬಳಿದುಕೊಡುತ್ತೇನೆಂದ.

"ಬ್ಯಾಡ್ರಿ, ಇರ್ಲಿ," ಎಂದರು ಅತ್ತೆ, ಆ ಹುಡುಗಿಯ ತಲೆ ಸವರುತ್ತ. "ಬರೂ ವರ್ಷದ ಹುಡುಗೂರ್ನೂ ಕರ್ಕೊಂಡ ಬರ್ರಿ. ಖರೇ, ಮೊದಲ ಹೇಳಿ ಕಳಸ್ರಿ. ಹಸದು ಬಂದಿರ್ತಾವು, ಏನರೆ ಮಾಡಿ ಇಡ್ತೇನಿ."